ಕೃಷಿ ಹೊಂಡ ತೋಡಿಸುವ ಮೊದಲು ಪಹಣಿ ತೆಗೆದು ನೋಡಿ

ನಮ್ಮದು ಚಿತ್ರದುರ್ಗ ಜಿಲ್ಲೆ. ಕೆಂಪು ನೆಲ, ಶೇಂಗಾ ಬೆಳೆ, ಮಳೆ ಬಂದರೆ ಬಂತು. 2023-24ರಲ್ಲಿ ಸರ್ಕಾರ ಕೃಷಿ ಭಾಗ್ಯ ಯೋಜನೆಯನ್ನು 24 ಜಿಲ್ಲೆಗಳ 106 ತಾಲೂಕುಗಳಲ್ಲಿ ಮತ್ತೆ ಶುರು ಮಾಡಿದಾಗ, ಈ ಸಲ ಹೊಂಡ ತೋಡಿಸಲೇಬೇಕು ಅಂತ ಹಟ ಹಿಡಿದೆ. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90 ಸಹಾಯಧನ. ಆದರೆ ಲೆಕ್ಕ ಹಾಕುವುದು ಇಲಾಖೆಯ ದರದ ಮೇಲೆ, ಜೆಸಿಬಿಯವರು ಕೇಳಿದ ದುಡ್ಡಿನ ಮೇಲೆ ಅಲ್ಲ.

ರೈತ ಸಂಪರ್ಕ ಕೇಂದ್ರಕ್ಕೆ ಹೋದ ಮೊದಲ ದಿನವೇ ವಾಪಸ್ ಬಂದೆ. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಅವರು ತೀರಿಕೊಂಡು ಆರು ವರ್ಷವಾಗಿದ್ದರೂ ಆ ಹೆಸರು ತೆಗೆಸಲು ಮನಸ್ಸು ಬರದೆ ಸುಮ್ನೆ ಬಿಟ್ಟಿದ್ದೆವು. ಜಮೀನು ನನ್ನ ಹೆಸರಿಗೆ ಬರದೆ ಎಫ್‌ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ, ಆಗುವುದಿಲ್ಲ, ಎಫ್‌ಐಡಿ ಇಲ್ಲದೆ ಅರ್ಜಿ ಇಲ್ಲ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಅಮ್ಮ ಮತ್ತು ತಂಗಿಯ ಒಪ್ಪಿಗೆ ಹಿಡಿದು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ನಾಲ್ಕು ತಿಂಗಳು ಓಡಾಡಿದೆ. ಅದು ಮುಗಿದರೆ ಆಧಾರ್‌ನಲ್ಲಿ ಇನಿಷಿಯಲ್ ಬೇರೆ! ಅದನ್ನೂ ಸರಿ ಮಾಡಿಸಿದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಆಗಲೇ ಕೇಳಿಕೊಂಡು ಬಂದೆ.

ಇನ್ನೊಂದು ಮಾತು. ಕಾರ್ಯಾದೇಶ ಕೈಗೆ ಬರುವ ತನಕ ಒಂದು ಬುಟ್ಟಿ ಮಣ್ಣನ್ನೂ ತೆಗೆಯಬೇಡಿ. ಖಾಲಿ ಹೊಲದ ಫೋಟೊ ಮೊದಲು ಆಗಬೇಕು.

ಹೊಲದ ನೀರೆಲ್ಲ ಹರಿದು ಬರುವ ತಗ್ಗಿನಲ್ಲಿ ಜಾಗ ಗುರುತಿಸಿದೆವು. ಮೇಲೆ 12 ಮೀಟರ್ ಚೌಕ, ಆಳ 3 ಮೀಟರ್. ಜೆಸಿಬಿಯವರು ಗೋಡೆಯ ಹಾಗೆ ನೇರವಾಗಿ ಇಳಿಸಲು ನೋಡುತ್ತಾರೆ, ಬೇಗ ಮುಗಿಯುತ್ತದಲ್ಲ. ಒಪ್ಪಬೇಡಿ. ಇಳಿಜಾರು ಬಿಟ್ಟು ತಳ 6 ಮೀಟರ್ ಮಾಡಿಸಿದೆ. ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ. ನೀರು ಒಳಗೆ ಬರುವ ಕಡೆ ಚಿಕ್ಕದೊಂದು ಹೂಳಿನ ಗುಂಡಿ ಮಾಡಿದೆವು.

ಕೆಂಪು ಮಣ್ಣು ನೀರು ಹಿಡಿಯುವುದಿಲ್ಲ, ಪಾಲಿಥಿನ್ ಹೊದಿಕೆ ಬೇಕೇ ಬೇಕು. ಹಾಸುವ ಮೊದಲು ಅಮ್ಮ ಬರಿಗಾಲಲ್ಲಿ ಹೊಂಡಕ್ಕೆ ಇಳಿದರು. ಕಾಲಿಗೆ ಚುಚ್ಚಿದ ಕಡೆಯೆಲ್ಲ ಬಗ್ಗಿ ಕಲ್ಲು, ಬೇರು ಆರಿಸಿ ಸೆರಗಿಗೆ ಹಾಕಿಕೊಂಡರು. ಮೂರು ಸಲ ಸೆರಗು ತುಂಬಿತು. ಹಾಳೆಯನ್ನು ಬಿಗಿಯಾಗಿ ಎಳೆಯದೆ, ಅಂಚನ್ನು ಸುತ್ತಲೂ ಒಂದಡಿ ತೋಡಿ ಹೂತೆವು.

ಮಕ್ಕಳಿರುವ ಮನೆ, ಹಾಗಾಗಿ ತಂತಿ ಬೇಲಿಯ ವಿಷಯದಲ್ಲಿ ನಾನು ಚೌಕಾಸಿ ಮಾಡಲಿಲ್ಲ. ಅದಕ್ಕೆ ಸಾಮಾನ್ಯ ವರ್ಗಕ್ಕೆ ಸಿಗುವುದು ಶೇ. 40 ಮಾತ್ರ. ಆದರೂ ನೀರು ತುಂಬುವ ಮೊದಲೇ ಹಾಕಿಸಿದೆ, ಗಂಟು ಹಾಕಿದ ಹಗ್ಗವೊಂದನ್ನು ಒಳಗೆ ಇಳಿಬಿಟ್ಟೆ. ಒದ್ದೆ ಹಾಳೆಯ ಮೇಲೆ ಕಾಲು ಜಾರಿದರೆ ದೊಡ್ಡವರಿಗೂ ಹತ್ತಲು ಆಗುವುದಿಲ್ಲ.

ಕೆಲಸಕ್ಕೆ ಮೊದಲು ಕೈಯಿಂದ ಹಾಕಿ, ಸಹಾಯಧನಕ್ಕೆ ಆಮೇಲೆ ಕಾಯಬೇಕು. ನಾನು ಸಂಘದಲ್ಲಿ ಸಾಲ ಎತ್ತಿದೆ. ಸಾಲ ಸಿಗದ ಬಡವರು ಏನು ಮಾಡಬೇಕು? ಅರ್ಧವನ್ನಾದರೂ ಮುಂಗಡ ಕೊಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನ ಆಗಸ್ಟ್‌ನಲ್ಲಿ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ತುಂತುರು ಪೈಪ್ ಜೋಡಿಸಿ ಎರಡು ಎಕರೆಗೆ ಒಂದಿಂಚು ಮಳೆಯಷ್ಟು ನೀರು ಕೊಟ್ಟೆ. ಬಾಡಿದ್ದ ಎಲೆ ಬೆಳಗಾಗುವಷ್ಟರಲ್ಲಿ ಎದ್ದು ನಿಂತಿತ್ತು. ಪಕ್ಕದ ಹೊಲದ ಅಣ್ಣ ಬದುವಿನ ಮೇಲೆ ನಿಂತು ನೋಡಿ, "ನಮಗೂ ಒಂದು ಮಾಡಿಸಿಕೊಡಪ್ಪ" ಅಂದರು.

"ಮೊದಲು ಪಹಣಿ ತಗೊಂಡು ಬಾ ಅಣ್ಣ, ಯಾರ ಹೆಸರಲ್ಲಿದೆ ನೋಡೋಣ" ಅಂದೆ.