ಹೊಸ ಕೇಬಲ್ ಕೊಳ್ಳುವ ಮುನ್ನ ಇಯರ್‌ಟಿಪ್ ಸರಿಮಾಡಿಕೊಳ್ಳಿ

ಹೊಸ ಇನ್-ಇಯರ್ ಇಯರ್‌ಫೋನ್ ತಂದವರ ದೂರು ಹೆಚ್ಚುಕಡಿಮೆ ಒಂದೇ: 'ಬೇಸ್ ಇಲ್ಲ, ದನಿ ತೆಳ್ಳಗಿದೆ, ಕೀಚಲು ಕೀಚಲಾಗಿದೆ.' ಆಮೇಲೆ ಮಾಡುವುದೂ ಒಂದೇ. ಈಕ್ವಲೈಜರ್‌ನಲ್ಲಿ ಬೇಸ್ ಏರಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಹೊಸ ಕೇಬಲ್ ತರಿಸುತ್ತಾರೆ. ಕಿವಿಯೊಳಗೆ ಹೋಗುವ ರಬ್ಬರ್ ಟಿಪ್ ಮಾತ್ರ ಡಬ್ಬ ತೆರೆದಾಗ ಯಾವುದಿತ್ತೋ ಅದೇ ಇರುತ್ತದೆ. ಟಿಪ್ ಸರಿಯಾಗಿ ಕೂತರೆ, ಕೂರದಿದ್ದರೆ, ಕೆಳಸ್ವರಗಳಲ್ಲಿ (ಅದೇ ಬೇಸ್) 10 ಡೆಸಿಬಲ್‌ಗೂ (ದನಿಯ ಜೋರಿನ ಅಳತೆ) ಮೀರಿದ ವ್ಯತ್ಯಾಸ ಬರಬಹುದು. ಕೆಟ್ಟಿಲ್ಲದ ಒಂದು ಕೇಬಲ್ ತೆಗೆದು ಇನ್ನೊಂದು ಹಾಕಿದರೆ ಬಹುಪಾಲು ಇಯರ್‌ಫೋನ್‌ಗಳಲ್ಲಿ ಒಂದು ಡೆಸಿಬಲ್ ಕೂಡ ಬದಲಾಗುವುದಿಲ್ಲ. ಹಾಗಾಗಿ ಕೆಲಸವನ್ನು ಟಿಪ್‌ನಿಂದ ಶುರು ಮಾಡಿ, ಕೇಬಲ್ ಕೊನೆಗಿರಲಿ.

ಟಿಪ್‌ಗೆ ಇಷ್ಟು ಬಲ ಎಲ್ಲಿಂದ ಬಂತು? ಇನ್-ಇಯರ್‌ನ ಡ್ರೈವರ್, ಅಂದರೆ ಒಳಗೆ ಸದ್ದು ಹುಟ್ಟಿಸುವ ಸ್ಪೀಕರ್, ತೀರಾ ಚಿಕ್ಕದು. ಕಿವಿಯ ನಾಳದಲ್ಲಿ ಸಿಕ್ಕಿಕೊಂಡಿರುವ ಒಂದೆರಡು ಘನ ಸೆಂಟಿಮೀಟರ್ ಗಾಳಿಯನ್ನು ಅದುಮಿ, ಬಿಟ್ಟು ಅದು ಬೇಸ್ ಹುಟ್ಟಿಸುತ್ತದೆ. ಟಿಪ್‌ನ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ನಿಧಾನವಾಗಿ ಏರಿಳಿಯುವ ಒತ್ತಡ ಅಲ್ಲಿಂದ ಸೋರಿಹೋಗುತ್ತದೆ. ಮೇಲಿನ ಸ್ವರಗಳ ಏರಿಳಿತ ಬಲು ವೇಗದ್ದು, ಸೋರುವಷ್ಟು ಹೊತ್ತೇ ಅವಕ್ಕೆ ಸಿಗುವುದಿಲ್ಲ. ಅದಕ್ಕೇ ಸೋರುವ ಇಯರ್‌ಫೋನಿನಲ್ಲಿ ಬೇಸ್ ಹೋಗಿ ಕೀಚಲು ಉಳಿಯುತ್ತದೆ. ಇಂಥ ಸ್ಥಿತಿಯಲ್ಲಿ ಈಕ್ವಲೈಜರ್ ಏರಿಸುವುದು ಪಂಕ್ಚರ್ ಆದ ಟ್ಯೂಬಿಗೆ ಗಾಳಿ ಹೊಡೆದ ಹಾಗೆ. ಡ್ರೈವರ್ ಮಿತಿಮೀರಿ ಅಲುಗಿ ದನಿ ಒಡೆಯತೊಡಗುತ್ತದೆ, ಸೋರಿಕೆ ಅಲ್ಲೇ ಇರುತ್ತದೆ.

ಮೊದಲು ಜಾಲರಿ

ಹಳೆಯ ಇಯರ್‌ಫೋನ್ ಆಗಿದ್ದರೆ ಟಿಪ್ ಬಿಚ್ಚಿ, ನಾಜಲ್‌ನ (ಟಿಪ್ ಕೂರುವ ಕೊಳವೆಯ) ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಕಿವಿಯಲ್ಲಿ ದನಿ ಕಡಿಮೆ ಎಂದಾದರೆ ಹೆಚ್ಚಿನ ಸಲ ಅಲ್ಲಿ ಗುಗ್ಗೆ ಕಟ್ಟಿರುತ್ತದೆ. ಜಾಲರಿ ನೆಲದ ಕಡೆ ಇರುವಂತೆ ಹಿಡಿದು ಒಣಗಿದ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಸೂಜಿ, ಪಿನ್ನು ಬೇಡ. ಸಿಲಿಕೋನ್ ಟಿಪ್‌ಗಳನ್ನು ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ.

ಎರಡು ಕಿವಿಗೆ ಎರಡು ಅಳತೆ ಇರಬಹುದು

ಡಬ್ಬದಲ್ಲಿ ಮೂರು ಅಳತೆಯ ಟಿಪ್ ಕೊಟ್ಟಿರುತ್ತಾರೆ. ದೊಡ್ಡದರಿಂದ ಶುರು ಮಾಡಿ. ಹಾಯಾಗಿದೆ ಎಂದು ಎಲ್ಲರೂ ಚಿಕ್ಕದನ್ನು ಆರಿಸಿ, ಸಡಿಲವಾದಾಗ ಅದನ್ನೇ ಒಳಕ್ಕೆ ಒತ್ತುತ್ತಾರೆ. ಚಿಕ್ಕ ಟಿಪ್ ಎಷ್ಟು ಒತ್ತಿದರೂ ನಾಳದ ಗೋಡೆಗೆ ಸುತ್ತಲೂ ಅಂಟುವುದಿಲ್ಲ. ಬಲಗಿವಿಗೆ ದೊಡ್ಡದು, ಎಡಗಿವಿಗೆ ಮಧ್ಯಮ ಎಂದು ಬಂದರೆ ಹಾಗೆಯೇ ಬಳಸಿ. ಎರಡೂ ಕಡೆ ಒಂದೇ ಅಳತೆ ಇರಬೇಕೆಂಬ ನಿಯಮವಿಲ್ಲ, ಕಿವಿಗಳೇ ಹಾಗಿರುವುದಿಲ್ಲ.

ಬೇರೆ ಟಿಪ್ ಕೊಂಡು ತಂದಿದ್ದರೆ ಕಿವಿಗೆ ಹಾಕುವ ಮೊದಲು ನಾಜಲ್ ಮೇಲೆ ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿ. ನಾಜಲ್‌ಗಳ ದಪ್ಪ ಸುಮಾರು 4 ಮಿ.ಮೀ.ನಿಂದ 6 ಮಿ.ಮೀ. ದಾಟುವವರೆಗೂ ಇರುತ್ತದೆ. 'ಎಲ್ಲ ಇಯರ್‌ಫೋನ್‌ಗೂ ಹೊಂದುತ್ತದೆ' ಎಂದು ಬರೆದ ಅಗ್ಗದ ಪ್ಯಾಕೆಟ್ಟುಗಳು ತೆಳು ನಾಜಲ್ ಮೇಲೆ ಸಡಿಲವಾಗಿ ಕೂರುತ್ತವೆ. ಇಯರ್‌ಫೋನ್ ಹೊರಬಂದು ಟಿಪ್ ಕಿವಿಯೊಳಗೇ ಉಳಿಯುವುದು ಹೀಗೆಯೇ. ಹಾಗಾದರೆ ಚಿಮಟ ಹಾಕಿ ಕೆದಕಬೇಡಿ, ಕಿವಿಯ ವೈದ್ಯರ ಹತ್ತಿರ ಹೋಗಿ.

ಕೂರಿಸುವುದು: ಎಲ್ಲರೂ ಎಡವುವುದು ಇಲ್ಲೇ

ಕಿವಿಯ ನಾಳ ನೇರವಾದ ಕೊಳವೆಯಲ್ಲ, ಬಾಗಿದೆ. ಇಯರ್‌ಫೋನನ್ನು ಗುಂಡಿ ಒತ್ತಿದಂತೆ ನೇರ ಒತ್ತಿದರೆ ಟಿಪ್ ಆ ಬಾಗಿಗೆ ಡಿಕ್ಕಿ ಹೊಡೆದು ಒಂದು ಬದಿ ಮಡಚಿಕೊಳ್ಳುತ್ತದೆ. ಆ ಮಡಿಕೆಯೇ ಸೋರುವ ಜಾಗ. ಕೂತಂತೆ ಅನಿಸುತ್ತದೆ, ಬಿಗಿಯಾಗಿಯೂ ಇರುತ್ತದೆ, ಬೇಸ್ ಮಾತ್ರ ಇರುವುದಿಲ್ಲ.

ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲಂಚನ್ನು ಹಿಡಿಯಿರಿ. ಮೇಲಕ್ಕೆ, ತುಸು ಹಿಂದಕ್ಕೆ ಎಳೆಯಿರಿ. ಆಗ ನಾಳದ ಬಾಗು ನೇರವಾಗುತ್ತದೆ. ಬಾಯಿ ಅರ್ಧ ತೆರೆಯಿರಿ, ದವಡೆ ಇಳಿದಾಗ ಜಾಗ ಇನ್ನಷ್ಟು ಬಿಡುತ್ತದೆ. ಈಗ ಬಲಗೈಯಿಂದ ಟಿಪ್ ಒಳಗಿಟ್ಟು, ಹಿಂದೆ ಮುಂದೆ ಚೂರು ಚೂರೇ ತಿರುಗಿಸುತ್ತಾ ನಿಧಾನವಾಗಿ ಒಳಕ್ಕೆ ತನ್ನಿ. ತಡೆ ಸಿಕ್ಕಿದ ಕೂಡಲೇ ನಿಲ್ಲಿಸಿ. ಮೊದಲು ಕಿವಿಯನ್ನು ಬಿಡಿ, ಆಮೇಲೆ ಬಾಯಿ ಮುಚ್ಚಿ. ನಾಳ ತಾನಾಗಿ ಟಿಪ್ ಸುತ್ತ ಬಿಗಿದುಕೊಳ್ಳುತ್ತದೆ. ನೋವಾದರೆ ಅದು ತಪ್ಪು ಅಳತೆ, ಸಹಿಸಿಕೊಂಡು ಅಭ್ಯಾಸ ಮಾಡಿಕೊಳ್ಳುವ ವಿಷಯವೇ ಅಲ್ಲ.

ಹಾಕುವಾಗ 'ಚರಕ್' ಎಂಬ ಸಣ್ಣ ಸದ್ದು ಬಂದರೆ ಗಾಬರಿ ಬೇಡ. ಒಳಗೆ ಸಿಕ್ಕಿಬಿದ್ದ ಗಾಳಿ ಡ್ರೈವರ್‌ನ ಪರದೆಯನ್ನು ಹಿಂದಕ್ಕೆ ತಳ್ಳುವ ಸದ್ದು ಅದು. ಕಿವಿ ಎಳೆದು ನಿಧಾನವಾಗಿ ಹಾಕಿದರೆ ಕಡಿಮೆಯಾಗುತ್ತದೆ.

ಸ್ಪಂಜಿನಂಥ ಫೋಮ್ ಟಿಪ್‌ನ ಕ್ರಮ ಬೇರೆ. ಬೆರಳುಗಳ ನಡುವೆ ಸುತ್ತಲೂ ಸಮನಾಗಿ ಹೊಸೆದು ತೆಳ್ಳಗೆ ಮಾಡಿ, ತಡಮಾಡದೆ ಕಿವಿಗಿಟ್ಟು, ಬೆರಳಿಂದ 20ರಿಂದ 30 ಸೆಕೆಂಡು ಒತ್ತಿ ಹಿಡಿಯಿರಿ. ಈ ಅರ್ಧ ನಿಮಿಷಕ್ಕೆ ತಾಳ್ಮೆ ಇಲ್ಲದವರ ಕೈಯಲ್ಲೇ ಫೋಮ್ 'ಜಾರುತ್ತದೆ'. ಅದು ಹಿಗ್ಗುವಾಗ ತನ್ನನ್ನು ತಾನೇ ಹೊರಕ್ಕೆ ತಳ್ಳಿಕೊಳ್ಳುತ್ತದೆ, ಅದಕ್ಕೇ ಹಿಡಿದಿರಬೇಕು. ತಣ್ಣಗಿದ್ದಾಗ ಗಟ್ಟಿಯಾಗಿರುತ್ತದೆ, ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ.

ಪರೀಕ್ಷೆ

'ಬಿಗಿಯಾಗಿದೆ ಅನಿಸುತ್ತದೆ' ಎಂಬುದನ್ನು ನಂಬಬೇಡಿ, ಅಳೆಯಿರಿ. ಟೋನ್ ಹೊರಡಿಸುವ ಉಚಿತ ಆ್ಯಪ್ ಯಾವುದಾದರೂ ಸಾಕು. ವಾಲ್ಯೂಮ್ ಪೂರ್ತಿ ತಗ್ಗಿಸಿ, 40 ಹರ್ಟ್ಸ್‌ನ (ಸೆಕೆಂಡಿಗೆ 40 ಕಂಪನದ) ಕೆಳಸ್ವರ ಹಚ್ಚಿ, ಮೆಲ್ಲಗೆ ಕೇಳುವಷ್ಟು ಮಾತ್ರ ಏರಿಸಿ. ಇಷ್ಟು ಕೆಳಗಿನ ಸ್ವರ ನಮ್ಮ ಕಿವಿಗೆ ಸಹಜವಾಗಿಯೇ ಕಡಿಮೆ ಕೇಳುತ್ತದೆ. ಅದು ಜೋರಾಗಿ ಕೇಳಲಿ ಎಂದು ವಾಲ್ಯೂಮ್ ತುಂಬಾ ಏರಿಸಿ, ಹಾಗೆಯೇ 1,000 ಹರ್ಟ್ಸ್‌ಗೆ ಹೋದರೆ ಕಿವಿಗೆ ಪೆಟ್ಟು. ಪ್ರತಿ ಸಲವೂ ಮೊದಲು ತಗ್ಗಿಸಿ.

ಟೋನ್ ಬರುತ್ತಿರುವಾಗಲೇ ಇಯರ್‌ಫೋನನ್ನು ಬೆರಳ ತುದಿಯಿಂದ ಹಗುರವಾಗಿ ಒಳಕ್ಕೆ ಒತ್ತಿ. ಸದ್ದು ತಟ್ಟನೆ ತುಂಬಿಕೊಂಡರೆ ನೀವು ಒತ್ತುವವರೆಗೆ ಅದು ಸೋರುತ್ತಿತ್ತು ಎಂದರ್ಥ. ಒತ್ತಿದರೂ ಬಿಟ್ಟರೂ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಆ ಟಿಪ್ ಸರಿ. ಈಗ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ, ಬಾಯಿ ಅಗಲಿಸಿ, ನಕ್ಕು ನೋಡಿ. ದವಡೆಯ ಜೊತೆ ನಾಳದ ಆಕಾರವೂ ಬದಲಾಗುತ್ತದೆ. ಸುಮ್ಮನೆ ಕೂತಾಗ ಸರಿಯಿದ್ದು, ಮಾತಾಡಿದಾಗ ಬೇಸ್ ಹೋಗುವುದಾದರೆ ಒಂದು ಅಳತೆ ದೊಡ್ಡದು ಬೇಕು. ಕೊನೆಗೆ ಟೋನ್ ತಲೆಯ ನಡುವೆ ನಿಂತಿದೆಯೇ ಗಮನಿಸಿ. ಒಂದು ಪಕ್ಕಕ್ಕೆ ವಾಲಿದ್ದರೆ ಇನ್ನೊಂದು ಪಕ್ಕ ಸೋರುತ್ತಿದೆ.

ಸೋಲುತ್ತಲೇ ಇದ್ದರೆ ಟಿಪ್ ಹೊರತೆಗೆದ ಕೂಡಲೇ ಅದರ ಅಂಚನ್ನು ನೋಡಿ. ನೆರಿಗೆಯ ಗುರುತು ಇದ್ದರೆ ಅಳತೆ ದೊಡ್ಡದಾಗಿ ಮಡಚಿದೆ. ಗುರುತೇ ಇಲ್ಲದೆ ಸುಲಭವಾಗಿ ಬಂದುಬಿಟ್ಟರೆ ಚಿಕ್ಕದಾಗಿದೆ.

ಸರಿಯಾಗಿ ಕೂತ ಟಿಪ್ ಹೊರಗಿನ ಗದ್ದಲವನ್ನೂ ತಡೆಯುತ್ತದೆ, ವಾಲ್ಯೂಮ್ ತಾನಾಗಿ ಇಳಿಯುತ್ತದೆ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಎಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸೋರುವ ಟಿಪ್ ಹಾಕಿಕೊಂಡು ಗದ್ದಲದ ನಡುವೆ ಬೇಸ್ ಹುಡುಕುವವರು ಇದನ್ನು ಬೇಗ ದಾಟುತ್ತಾರೆ.

ಚುಚ್ಚುವ ದನಿಗೆ ಟಿಪ್‌ನ ಆಳ, ತೂತು

ಬೇಸ್ ಸರಿಹೋಯಿತು, ಆದರೆ ಹಾಡಿನಲ್ಲಿ ಸ, ಶ, ಚ ಬಂದಾಗಲೆಲ್ಲ ಚುಚ್ಚುತ್ತದೆ ಎನ್ನುವವರು ಟಿಪ್‌ನ ಆಳ ನೋಡಬೇಕು. ಟಿಪ್‌ನ ತುದಿಗೂ ಕಿವಿತಮಟೆಗೂ ನಡುವಿನ ಗಾಳಿಯ ಕಂಬ ತನ್ನದೇ ಒಂದು ಸ್ವರಕ್ಕೆ ಅನುರಣಿಸುತ್ತದೆ. ಆ ಅಂತರ 21 ಮಿ.ಮೀ. ಆದರೆ ಅನುರಣನ ಸುಮಾರು 8,000 ಹರ್ಟ್ಸ್ ಹತ್ತಿರ, 17 ಮಿ.ಮೀ. ಆದರೆ 10,000ದ ಹತ್ತಿರ. ಅಂದರೆ ಒಂದೆರಡು ಮಿಲಿಮೀಟರ್ ಒಳಹೋದರೂ ಚುಚ್ಚುವ ಜಾಗ ಮೇಲಕ್ಕೆ ಸರಿದು, ಸಕಾರ ಶಕಾರಗಳ ಮೇಲಿನ ಒತ್ತು ಕಡಿಮೆಯಾಗಬಹುದು. ಒಬ್ಬರಿಗೆ ಹಿತವಾದ ಇಯರ್‌ಫೋನ್ ಇನ್ನೊಬ್ಬರಿಗೆ ಕರ್ಕಶ ಎನಿಸುವುದಕ್ಕೆ ಇದೂ ಕಾರಣ. ಆಳಕ್ಕೆ ಹೋಗಲು ತುಸು ಚಿಕ್ಕ, ಉದ್ದನೆಯ ಟಿಪ್ ಬಳಸಿ, ಬಲ ಬಳಸಬೇಡಿ. 1991ರಲ್ಲಿ ಬಂದ ಎಟಿಮೋಟಿಕ್ ಕಂಪನಿಯ ಇಆರ್-4 ಮೂರು ಮಡಿಕೆಯ (ಒಂದರ ಹಿಂದೊಂದು ಮೂರು ಕೊಡೆಯಂಥ ಅಂಚಿರುವ) ಟಿಪ್ ಹಾಕಿ ತುಂಬ ಆಳಕ್ಕೆ ಕೂರುವ ಇಯರ್‌ಫೋನ್. ನಡೆಯುವಾಗ ಹೆಜ್ಜೆಯ ಸದ್ದು, ಅಗಿಯುವ ಸದ್ದು ತಲೆಯೊಳಗೆ ಗುಮ್ಮೆನ್ನುವುದೂ ಆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಆದರೆ ಎಲ್ಲರ ಕಿವಿಯೂ ಅಷ್ಟು ಆಳಕ್ಕೆ ಒಗ್ಗುವುದಿಲ್ಲ.

ಟಿಪ್‌ನ ತೂತು ಅಗಲವಿದ್ದರೆ ಸಾಮಾನ್ಯವಾಗಿ ಟ್ರೆಬಲ್ (ಮೇಲಿನ ಸ್ವರಗಳು) ಬಿಚ್ಚಿಕೊಳ್ಳುತ್ತದೆ, ಕಿರಿದಾಗಿದ್ದರೆ ಸ್ವಲ್ಪ ಮಬ್ಬಾಗಿ ಬೇಸ್ ಮುಂದೆ ಬಂದಂತೆ ಕೇಳುತ್ತದೆ. ಫೋಮ್ ಟ್ರೆಬಲ್‌ನ ಮೊನೆ ಮೊಂಡು ಮಾಡುತ್ತದೆ. ಅಗಲ ತೂತಿನ, ಒಂದೇ ಮಡಿಕೆಯ ಸಿಲಿಕೋನ್‌ನಿಂದ ಶುರು ಮಾಡಿ, ಅದು ನಿಜವಾಗಿಯೂ ಚುಚ್ಚಿದರೆ ಮಾತ್ರ ಬೇರೆಯದಕ್ಕೆ ಹೋಗಿ ಎಂಬುದೇ ನನ್ನ ಸಲಹೆ. ಫೋಮ್ ಗದ್ದಲದ ಪ್ರಯಾಣಕ್ಕೆ ಒಳ್ಳೆಯದು, ದಿನಬಳಕೆಗೆ ಬೇಡ. ಬೆವರು, ಜಿಡ್ಡು ಹೀರಿ ಕೆಲವು ತಿಂಗಳಲ್ಲಿ ಪುಟಿಯುವ ಗುಣ ಕಳೆದುಕೊಳ್ಳುತ್ತದೆ. ಹೊಸೆದ ಮೇಲೆ ಮೊದಲಿನ ಗಾತ್ರಕ್ಕೆ ಮರಳದ ಫೋಮನ್ನು ಎಸೆಯಿರಿ.

ಈಗ ಕೇಬಲ್

ಕೇಬಲ್‌ನಿಂದ ದನಿ ಬದಲಾಗುವುದುಂಟು, ಅದರ ದಾರಿ ವಿದ್ಯುತ್ ರೋಧ. ಒಂದೇ ಡೈನಾಮಿಕ್ ಡ್ರೈವರ್ (ಸಾಮಾನ್ಯ ಸ್ಪೀಕರ್‌ನಂಥದ್ದು) ಇರುವ ಇಯರ್‌ಫೋನಿನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ, ಅಳತೆ ಓಮ್‌ನಲ್ಲಿ) ಎಲ್ಲ ಸ್ವರಗಳಿಗೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಕೇಬಲ್‌ನ ರೋಧ ಹೆಚ್ಚಾದರೆ ವಾಲ್ಯೂಮ್ ಕೂದಲೆಳೆ ಇಳಿಯುತ್ತದೆ, ಅಷ್ಟೇ. ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್ (ಪುಟ್ಟ ಲೋಹದ ಪಟ್ಟಿ ಅಲುಗಿ ಸದ್ದು ಹುಟ್ಟಿಸುವ ಬಗೆ) ಇರುವವುಗಳಲ್ಲಿ ಹಾಗಲ್ಲ. ಒಂದು ಸ್ವರಕ್ಕೆ 8 ಓಮ್, ಇನ್ನೊಂದಕ್ಕೆ 40 ಓಮ್ ಇದೆ ಎಂದಿಟ್ಟುಕೊಳ್ಳಿ. ಕೇಬಲ್‌ನ ರೋಧ 0.2 ಓಮ್ ಇದ್ದರೆ ಆ ಎರಡು ಸ್ವರಗಳ ನಡುವೆ ಬರುವ ಏರುಪೇರು 0.2 ಡೆಸಿಬಲ್‌ಗೂ ಕಡಿಮೆ. 1 ಓಮ್ ಇದ್ದರೆ ಸುಮಾರು 0.8 ಡೆಸಿಬಲ್. ಆದರೆ ನೀವು ಇಯರ್‌ಫೋನ್ ಸಿಕ್ಕಿಸುವ ಸಾಧನದ (ಫೋನ್, ಪ್ಲೇಯರ್) ಔಟ್‌ಪುಟ್ ಇಂಪೀಡೆನ್ಸೇ 10 ಓಮ್ ಇದ್ದರೆ ಏರುಪೇರು 5 ಡೆಸಿಬಲ್ ದಾಟುತ್ತದೆ. ಆದ್ದರಿಂದ ಕೇಬಲ್ ಬದಲಿಸುವ ಮೊದಲು ಆ ಸಾಧನದ ವಿವರ ಓದಿ. ಅದರ ಔಟ್‌ಪುಟ್ ಇಂಪೀಡೆನ್ಸ್, ಇಯರ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ.

ಬೆಳ್ಳಿಯ ಕೇಬಲ್ 'ಹೊಳಪಿನ ದನಿ', ತಾಮ್ರದ್ದು 'ಬೆಚ್ಚನೆಯ ದನಿ' ಎಂದು ಮಾರುತ್ತಾರೆ. ತಾಮ್ರಕ್ಕಿಂತ ಬೆಳ್ಳಿಯ ವಾಹಕತೆ ಹೆಚ್ಚು, ಶೇ 6ರ ಆಸುಪಾಸು. ತಾಮ್ರದ ಎಳೆಯನ್ನು ಚೂರು ದಪ್ಪ ಮಾಡಿದರೆ ಆ ವ್ಯತ್ಯಾಸ ಮುಗಿಯಿತು. ಇದಕ್ಕೆ ದುಡ್ಡು ಕೊಡಬೇಡಿ. 4.4 ಮಿ.ಮೀ. ಬ್ಯಾಲೆನ್ಸ್ಡ್ ಜ್ಯಾಕ್‌ನಲ್ಲಿ (ಎಡ, ಬಲ ಕಿವಿಗೆ ಪ್ರತ್ಯೇಕ ತಂತಿಜೋಡಿ ಇರುವ ಜ್ಯಾಕ್) ದನಿ ಎದ್ದು ಬರುತ್ತದೆ ಎನ್ನುವವರು ಗಮನಿಸಬೇಕಾದ್ದು ಇನ್ನೊಂದಿದೆ. ಆ ಔಟ್‌ಪುಟ್ ಹೆಚ್ಚಾಗಿ ಇಮ್ಮಡಿ ವೋಲ್ಟೇಜ್ ಕೊಡುತ್ತದೆ, ಅಂದರೆ 6 ಡೆಸಿಬಲ್ ಜೋರು. ಜೋರಾದದ್ದು ಯಾವತ್ತೂ ಚೆಂದ ಕೇಳಿಸುತ್ತದೆ. ವಾಲ್ಯೂಮ್ ಸಮ ಮಾಡಿ ಮತ್ತೆ ಕೇಳಿ.

ಇನ್ನೂ ದೊಡ್ಡ ತೊಡಕು ಹೋಲಿಸುವ ಕ್ರಮದಲ್ಲೇ ಇದೆ. ಕೇಬಲ್ ಬದಲಿಸಲು ಇಯರ್‌ಫೋನ್ ಕಿವಿಯಿಂದ ತೆಗೆಯುತ್ತೀರಿ, ಮತ್ತೆ ಹಾಕುತ್ತೀರಿ. ಎರಡನೇ ಸಲ ಟಿಪ್ ಒಂದು ಮಿಲಿಮೀಟರ್ ಒಳಗೆ ಕೂತಿರುತ್ತದೆ, ಅಥವಾ ಮೊದಲಿದ್ದ ಸೋರಿಕೆ ಮುಚ್ಚಿರುತ್ತದೆ. ತಬಲಾದ ಡಗ್ಗಾ ಈಗ ತುಂಬಿ ಬರುತ್ತದೆ, ಹೆಸರು ಕೇಬಲ್‌ಗೆ ಹೋಗುತ್ತದೆ. ಪ್ರತಿ ಸಲ ಹಾಕಿದ ಮೇಲೂ 40 ಹರ್ಟ್ಸ್‌ನ ಪರೀಕ್ಷೆ ಮಾಡಿದ ಮೇಲೆಯೇ ಹೋಲಿಸಿ.

ಕೇಬಲ್ ಟಿಪ್ ಅನ್ನೂ ಕೆಡಿಸಬಲ್ಲದು. ಭಾರದ, ಬಿರುಸಾದ ಕೇಬಲ್ ಇಯರ್‌ಫೋನನ್ನು ಕೆಳಕ್ಕೆ ಜಗ್ಗಿ ನಾಜಲ್‌ನ ಕೋನ ತಿರುಗಿಸುತ್ತದೆ, ಟಿಪ್ ಒಂದು ಬದಿ ಬಿಡಿಸಿಕೊಳ್ಳುತ್ತದೆ. ಕಿವಿಯ ಮೇಲಿನಿಂದ ಸುತ್ತಿ ಹಿಂದಕ್ಕೆ ಇಳಿಸಿ ಗದ್ದದ ಕೆಳಗಿನ ಸ್ಲೈಡರ್ ಏರಿಸಿದರೆ ಜಗ್ಗುವುದೂ ನಿಲ್ಲುತ್ತದೆ, ಬಟ್ಟೆಗೆ ಉಜ್ಜುವ ಗರಗರ ಸದ್ದೂ ನಿಲ್ಲುತ್ತದೆ.

ಬದಲಿಸಲೇಬೇಕಾದ ಸಂದರ್ಭ ಇವೆ: ಅಲುಗಿಸಿದಾಗ ದನಿ ಕಡಿದುಹೋಗುವುದು, ಜ್ಯಾಕ್ ಹತ್ತಿರ ಎಳೆ ಬಿಚ್ಚಿರುವುದು, ಕೇಬಲ್‌ನಲ್ಲಿ ಕಿವಿಯ ಮೇಲೆ ಸುತ್ತುವ ಕೊಕ್ಕೆಯ ಆಕಾರ ನಿಮ್ಮ ಕಿವಿಗೆ ಒಪ್ಪದಿರುವುದು. ಆಗ ಹಗುರವಾದ, ಮೆತ್ತನೆಯ, ರೋಧ ಕಡಿಮೆ ಇರುವ ತಾಮ್ರದ್ದನ್ನೇ ತನ್ನಿ. ಇಯರ್‌ಫೋನಿಗೆ ಸೇರುವ ತುದಿ ಎರಡು ಪಿನ್ನಿನದಾದರೆ 0.75 ಮಿ.ಮೀ. ಮತ್ತು 0.78 ಮಿ.ಮೀ. ಎಂಬ ಎರಡು ಅಳತೆಗಳಿವೆ, ದಪ್ಪ ಪಿನ್ನನ್ನು ಕಿರಿದಾದ ತೂತಿಗೆ ತುರುಕಿದರೆ ತೂತು ಸಡಿಲವಾಗುತ್ತದೆ. ಎಂಎಂಸಿಎಕ್ಸ್ (ಒತ್ತಿದರೆ ಕ್ಲಿಕ್ಕೆಂದು ಕೂರುವ ದುಂಡನೆಯ ತುದಿ) ಆದರೆ ಓರೆ ಮಾಡದೆ ನೇರ ಎಳೆಯಿರಿ. ಪಿನ್ ಹಾಕಿದ ಮೇಲೆ ಒಬ್ಬರೇ ಮಾತಾಡುವ ಧ್ವನಿಮುದ್ರಣ ಹಚ್ಚಿ. ಮಾತು ತಲೆಯ ನಡುವೆ ನಿಲ್ಲದೆ ಎರಡು ಪಕ್ಕಕ್ಕೂ ಹರಡಿ ಬೇಸ್ ಟೊಳ್ಳಾದರೆ ಒಂದು ಬದಿಯ ಪಿನ್ ತಿರುಗುಮುರುಗಾಗಿದೆ. ಎಳೆದು, ತಿರುಗಿಸಿ ಹಾಕಿ.