ಬೈಕಿನ ಎಂಜಿನ್‌ನಲ್ಲಿ ಥ್ರೆಡ್ ಕಿತ್ತುಹೋದರೆ ಮನೆಯಲ್ಲೇ ಇನ್ಸರ್ಟ್ ಕೂರಿಸುವ ಬಗೆ

ಬಿಗಿಯಾಗುತ್ತಾ ಬಂದ ಬೋಲ್ಟ್ ಒಮ್ಮೆಲೇ ಸಡಿಲವಾಗಿ ಸುಮ್ಮನೆ ಸುತ್ತತೊಡಗಿದರೆ ಒಳಗಿನ ಥ್ರೆಡ್ (ಬೋಲ್ಟ್ ಕಚ್ಚಿಕೊಳ್ಳುವ ಸುರುಳಿ ಗೀರು) ಕಿತ್ತುಹೋಗಿದೆ ಎಂದೇ ತಿಳಿಯಬೇಕು. ಬೈಕಿನಲ್ಲಿ ಹೆಚ್ಚಾಗಿ ಹೀಗಾಗುವುದು ಆಯಿಲ್ ಡ್ರೈನ್ ಬೋಲ್ಟ್, ಕ್ಲಚ್ ಮತ್ತು ಮ್ಯಾಗ್ನೆಟ್ ಕವರುಗಳ ಎಂ6 (6 ಮಿ.ಮೀ. ವ್ಯಾಸದ) ಬೋಲ್ಟ್, ಸೈಲೆನ್ಸರ್ ಸ್ಟಡ್, ಸ್ಪಾರ್ಕ್ ಪ್ಲಗ್ ಇಷ್ಟು ಕಡೆ. ಬೋಲ್ಟ್ ಉಕ್ಕಿನದು, ಎಂಜಿನ್ ಅಲ್ಯೂಮಿನಿಯಂನದು. ಅತಿಯಾಗಿ ಬಿಗಿದಾಗ ಸೋಲುವುದು ಮೆದು ಲೋಹವೇ.

ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ಬೋಲ್ಟನ್ನು ಹೊರತೆಗೆದು ನೋಡಿ. ಅದರ ಸುರುಳಿಯಲ್ಲಿ ಅಲ್ಯೂಮಿನಿಯಂ ತಂತಿಯಂತೆ ಸುತ್ತಿಕೊಂಡು ಬಂದಿದ್ದರೆ ರಂಧ್ರದ ಥ್ರೆಡ್ ಹೋಗಿದೆ. ಆಮೇಲೆ ಒಂದು ತೆಳು ತಂತಿಯನ್ನು ತಳ ಮುಟ್ಟುವವರೆಗೆ ಇಳಿಸಿ ರಂಧ್ರದ ಆಳ ಅಳೆಯಿರಿ. ಎಷ್ಟೋ ರಂಧ್ರಗಳಲ್ಲಿ ಬೋಲ್ಟ್ ತಲುಪುವ ಜಾಗಕ್ಕಿಂತ ಕೆಳಗೂ ಥ್ರೆಡ್ ಇರುತ್ತದೆ, ಅದನ್ನು ಯಾರೂ ಮುಟ್ಟಿರುವುದಿಲ್ಲ. ಅಂಥ ಕಡೆ ಹಳೆಯದಕ್ಕಿಂತ 5 ಮಿ.ಮೀ. ಹೆಚ್ಚು ಉದ್ದದ ಬೋಲ್ಟ್ ಹಾಕಿದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಆದರೆ ಬೋಲ್ಟ್ ತಳಕ್ಕೆ ತಾಗಬಾರದು. ತಾಗಿದ ಮೇಲೂ ಬಿಗಿದರೆ ಕೇಸ್ ಬಿರುಕು ಬಿಡುತ್ತದೆ. ಮೇಲಿನ ಒಂದೆರಡು ಸುತ್ತು ಮಾತ್ರ ಮಡಚಿದ್ದರೆ ಲೋಹ ಕತ್ತರಿಸದೆ ಮಡಚಿದ ಥ್ರೆಡ್ಡನ್ನು ನೇರಮಾಡುವ ಥ್ರೆಡ್ ಚೇಸರ್ ಹಾಕಿ ಸರಿಮಾಡಬಹುದು. ಹೊಸ ಥ್ರೆಡ್ ಕತ್ತರಿಸುವ ಉಪಕರಣವಾದ ಟ್ಯಾಪ್ ಹಾಕಿದರೆ ಉಳಿದಿರುವ ಲೋಹವೂ ಹೋಗುತ್ತದೆ.

ಇವೆರಡೂ ಆಗದಿದ್ದರೆ ಇನ್ಸರ್ಟ್ ಹಾಕಬೇಕು. ಹೆಲಿಕಾಯಿಲ್ ಎಂದು ಕರೆಯುವುದು ಸ್ಟೇನ್‌ಲೆಸ್ ತಂತಿಯ ಸುರುಳಿ. ಹೊರಮೈಯಲ್ಲಿ ಅದು ಹೊಸದಾಗಿ ಕೊರೆದ ದೊಡ್ಡ ಥ್ರೆಡ್‌ಗೆ ಕಚ್ಚಿಕೊಳ್ಳುತ್ತದೆ, ಒಳಮೈ ಹಳೆಯ ಬೋಲ್ಟಿನ ಅಳತೆಗೇ ಇರುತ್ತದೆ. ಅಲ್ಯೂಮಿನಿಯಂನಲ್ಲಿ ಸರಿಯಾಗಿ ಕೂತ ಇನ್ಸರ್ಟ್ ಮೂಲ ಥ್ರೆಡ್‌ಗಿಂತ ಗಟ್ಟಿ. ದೊಡ್ಡ ಬೋಲ್ಟನ್ನು ಬಲವಂತವಾಗಿ ತಿರುಗಿಸಿ ಕೂರಿಸುವುದು, ತಾನೇ ಥ್ರೆಡ್ ಕೊರೆಯುವ ಡ್ರೈನ್ ಪ್ಲಗ್ ಹಾಕುವುದು, ಇವು ಮುಂದಿನ ಸಲ ಇನ್ಸರ್ಟಿಗೂ ಜಾಗ ಉಳಿಯದಂತೆ ಮಾಡಬಹುದು. ಎಪಾಕ್ಸಿ ತುಂಬಿದರೆ ಹಗುರವಾದ ಸೈಡ್ ಕವರಿನ ಸ್ಕ್ರೂ ನಿಲ್ಲಬಹುದು, ಎಂಜಿನ್ ಬೋಲ್ಟ್ ನಿಲ್ಲುವುದಿಲ್ಲ.

ಕಿಟ್ ಕೊಳ್ಳುವಾಗ ವ್ಯಾಸದ ಜತೆಗೆ ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರ, ಮಿ.ಮೀ.ಗಳಲ್ಲಿ) ಕೂಡ ನೋಡಬೇಕು. ಎಂ6ಕ್ಕೆ ಸಾಮಾನ್ಯವಾಗಿ 1.0, ಎಂ8ಕ್ಕೆ 1.25. ಎಂ10ರಲ್ಲಿ 1.25 ಮತ್ತು 1.5 ಎರಡೂ ಇವೆ, ಡ್ರೈನ್ ಬೋಲ್ಟುಗಳಲ್ಲಿ ಎಂ12 x 1.5 ಬಹಳ ಸಾಮಾನ್ಯ. ಪಿಚ್ ಗೇಜ್ ಇಲ್ಲದಿದ್ದರೆ ಗೊತ್ತಿರುವ ನಟ್ಟನ್ನು ಕೈಯಲ್ಲೇ ಹಾಕಿ ನೋಡಿ. ಎಂ6 ಇನ್ಸರ್ಟಿಗೆ 6.3 ಮಿ.ಮೀ. ಡ್ರಿಲ್, ಎಂ8ಕ್ಕೆ 8.3 ಅಥವಾ 8.4, ಎಂ10 x 1.25ಕ್ಕೆ ಸುಮಾರು 10.3. ಕಿಟ್‌ನಲ್ಲಿ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ. ಕಿಟ್‌ನ ಟ್ಯಾಪ್ ಮಾಮೂಲಿ ಟ್ಯಾಪ್ ಅಲ್ಲ: ಎಂ6 ಇನ್ಸರ್ಟಿನ ಟ್ಯಾಪಿನ ಹೊರವ್ಯಾಸವೇ ಸುಮಾರು 7.3 ಮಿ.ಮೀ. ಇನ್ಸರ್ಟಿನ ಉದ್ದ ವ್ಯಾಸದ ಒಂದೂವರೆ ಪಟ್ಟು ಇದ್ದರೆ ಒಳ್ಳೆಯದು, ಅಂದರೆ ಎಂ6ಕ್ಕೆ 9, ಎಂ8ಕ್ಕೆ 12 ಮಿ.ಮೀ.

ಇಡೀ ಕೆಲಸದ ಅಳಿವು ಉಳಿವು ರಂಧ್ರದ ನೇರದಲ್ಲಿದೆ. ಓರೆಯಾಗಿ ಕೊರೆದದ್ದನ್ನು ಮತ್ತೆ ನೆಟ್ಟಗೆ ಮಾಡಲಾಗದು, ಬೋಲ್ಟಿನ ತಲೆ ಒಂದೇ ಅಂಚಿನಲ್ಲಿ ಕೂತು ಎಣ್ಣೆ ಸೋರುತ್ತದೆ. ಕವರ್ ಬೋಲ್ಟ್ ಆದರೆ ಕವರನ್ನೇ ಮಾರ್ಗದರ್ಶಿ ಮಾಡಿಕೊಳ್ಳಿ: ಉಳಿದ ಬೋಲ್ಟುಗಳಿಂದ ಕವರ್ ಹಾಕಿ ಬಿಗಿದು, ಆ ಬೋಲ್ಟಿನ ರಂಧ್ರದ ಮೂಲಕವೇ 6.3ರ ಬಿಟ್ ಇಳಿಸಿ. ಎಂ6 ಬೋಲ್ಟ್ ಸಲೀಸಾಗಿ ಹಾಯುವ ರಂಧ್ರ ಸಾಮಾನ್ಯವಾಗಿ ಆರೂವರೆ ಮಿ.ಮೀ. ಆಸುಪಾಸು ಇರುವುದರಿಂದ ಬಿಟ್ ಅಲುಗಾಡಲು ಹೆಚ್ಚು ಜಾಗ ಸಿಗುವುದಿಲ್ಲ. ಕೊರೆದಾದ ಮೇಲೆ ಟ್ಯಾಪ್ ಮಾಡಲು ಕವರ್ ತೆಗೆಯಬೇಕು. ಬೇರೆ ಕಡೆ, ಅದೇ ಅಳತೆಯ ರಂಧ್ರವನ್ನು ನೆಟ್ಟಗೆ ಕೊರೆದ ಲೋಹದ ತುಂಡನ್ನು ಮೇಲ್ಮೈಗೆ ಸಮವಾಗಿ ಒತ್ತಿಹಿಡಿದು ಅದರೊಳಗಿಂದ ಕೊರೆಯಿರಿ.

ಆಳಕ್ಕೆ ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಡ್ರಿಲ್ ಮೆಷಿನ್ ನಿಧಾನಕ್ಕೆ ಓಡಲಿ. ಅಲ್ಯೂಮಿನಿಯಂ ಬಿಟ್ಟನ್ನು ಒಮ್ಮೆಲೇ ಒಳಗೆಳೆದುಕೊಳ್ಳುತ್ತದೆ, ತಳ ತೂತಾಗುವುದು ಹೀಗೆಯೇ. ಎಂ6ರಲ್ಲಿ ಕೆರೆಯಬೇಕಾದ ಲೋಹ ತುಂಬಾ ಕಡಿಮೆ, ಆದ್ದರಿಂದ ಬಿಟ್ಟನ್ನು ಟ್ಯಾಪ್ ಹ್ಯಾಂಡಲ್‌ಗೆ ಸಿಕ್ಕಿಸಿ ಕೈಯಲ್ಲೇ ತಿರುಗಿಸಿದರೂ ಸಾಕು. ಮೊದಲ ಸಲ ಮಾಡುವವರಿಗೆ ಇದೇ ಕ್ಷೇಮ.

ಟ್ಯಾಪ್ ಮಾಡುವಾಗ ಸೀಮೆಎಣ್ಣೆ ಅಥವಾ ಡಬ್ಲ್ಯೂಡಿ-40 ಹಾಕುತ್ತಿರಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದಕ್ಕೆ ತಿರುಗಿಸಿದಾಗ ಚೂರು ಮುರಿಯುತ್ತದೆ, ಇಲ್ಲದಿದ್ದರೆ ಟ್ಯಾಪಿನ ಉದ್ದ ತೋಡುಗಳಲ್ಲಿ ತುಂಬಿ ಹೊಸ ಥ್ರೆಡ್ಡನ್ನೇ ಕೀಳುತ್ತದೆ. ಮೊದಲೆರಡು ಸುತ್ತಾದ ಮೇಲೆ ಚಿಕ್ಕ ಮೂಲೆಮಟ್ಟವನ್ನು ಎರಡು ಬದಿಯಿಂದ ಇಟ್ಟು ನೇರ ನೋಡಿ. ತಿದ್ದಲು ಅವಕಾಶವಿರುವುದು ಆಗ ಮಾತ್ರ. ತಳ ಮುಚ್ಚಿದ ರಂಧ್ರದಲ್ಲಿ ನಡುನಡುವೆ ಟ್ಯಾಪ್ ಹೊರತೆಗೆದು ಚೂರು ಒರೆಸಿ, ಬಿಗಿ ಹೆಚ್ಚಾದರೆ ನಿಲ್ಲಿಸಿ. ಟ್ಯಾಪ್ ಒಳಗೆ ಮುರಿದರೆ ಅದನ್ನು ಮನೆಯಲ್ಲಿ ತೆಗೆಯುವುದು ಬಹುಮಟ್ಟಿಗೆ ಆಗದ ಮಾತು.

ಬ್ರೇಕ್ ಕ್ಲೀನರ್‌ನಿಂದ ತೊಳೆದು, ಕನ್ನಡಕ ಹಾಕಿಕೊಂಡು ಗಾಳಿ ಊದಿ ಒಣಗಿಸಿ. ಇನ್ಸರ್ಟನ್ನು ಅದರ ಉಪಕರಣಕ್ಕೆ ಸಿಕ್ಕಿಸಿ ಬೆರಳಿನ ಬಲದಲ್ಲೇ ತಿರುಗಿಸಿ. ಕೆಳಕ್ಕೆ ಒತ್ತಬೇಡಿ, ಒತ್ತಿದರೆ ಸುರುಳಿ ಒಂದು ಥ್ರೆಡ್ ಹಾರಿ ಕೂರುತ್ತದೆ. ಹಿಂದಕ್ಕೂ ತಿರುಗಿಸಬೇಡಿ, ಉಪಕರಣ ಹಿಡಿದುಕೊಳ್ಳುವ ತಳದ ಅಡ್ಡಕಡ್ಡಿ ಮುರಿಯುತ್ತದೆ. ಮೇಲಿನ ತುದಿ ಮೇಲ್ಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಕೆಳಗಿದ್ದರೆ ಸರಿ. ಮೇಲ್ಮೈಯಿಂದ ಹೊರಗೆ ಇಣುಕಿದರೆ ಗ್ಯಾಸ್ಕೆಟ್ ಕೂರುವುದಿಲ್ಲ. ಅಡ್ಡಕಡ್ಡಿಯನ್ನು ಪಂಚ್ ಇಟ್ಟು ಒಂದೇ ಚುರುಕಾದ ಏಟಿನಲ್ಲಿ ಮುರಿದು ಗ್ರೀಸ್ ಹಚ್ಚಿದ ಕಡ್ಡಿಯಿಂದ ಹೊರತೆಗೆಯಿರಿ. ತಳ ಮುಚ್ಚಿದ ರಂಧ್ರದಲ್ಲಿ ಬೋಲ್ಟ್ ಅಲ್ಲಿಯವರೆಗೆ ಬಾರದಿದ್ದರೆ ಹಾಗೇ ಬಿಡಬಹುದು.

ಡ್ರೈನ್ ರಂಧ್ರದಲ್ಲಿ ಮುಖ್ಯ ಚಿಂತೆ ಚೂರುಗಳದ್ದು. ಬಿಟ್ ಮತ್ತು ಟ್ಯಾಪಿನ ತೋಡುಗಳಿಗೆ ದಪ್ಪವಾಗಿ ಗ್ರೀಸ್ ತುಂಬಿದರೆ ಬಹುಪಾಲು ಅಂಟಿಕೊಳ್ಳುತ್ತದೆ. ಉಳಿದದ್ದಕ್ಕೆ, ಎಂಜಿನ್ ಸ್ಟಾರ್ಟ್ ಮಾಡದೆ, ಮೇಲಿನಿಂದ ಅರ್ಧ ಲೀಟರ್ ಅಗ್ಗದ ಹೊಸ ಆಯಿಲ್ ಹೊಯ್ದು ಕೆಳಗೆ ಹರಿಯಬಿಡಿ, ಚೂರು ಬರುವುದು ನಿಲ್ಲುವ ತನಕ. ಇಲ್ಲಿ ಅಡ್ಡಕಡ್ಡಿಗೆ ಪಂಚ್ ಹೊಡೆಯಬೇಡಿ, ಅದು ಎಂಜಿನ್ ಒಳಗೇ ಬೀಳುತ್ತದೆ. ಮೂತಿ ಉದ್ದದ ಇಕ್ಕಳದಲ್ಲಿ ಹಿಡಿದು ಆಚೀಚೆ ಬಗ್ಗಿಸಿ ಮುರಿದು ತನ್ನಿ. ಎಂ12 x 1.5 ಇನ್ಸರ್ಟಿಗಾಗಿ ಕೊರೆದ ಥ್ರೆಡ್ ಸುಮಾರು 14 ಮಿ.ಮೀ. ಅಗಲ ಇರುತ್ತದೆ. ವಾಷರ್ ಅದಕ್ಕಿಂತ ಹೊರಗೆ ಸುತ್ತಲೂ ಕೂತರೆ ಮಾತ್ರ ಸೋರಿಕೆ ನಿಲ್ಲುತ್ತದೆ. ವಾಷರ್ ಹೊಸದೇ ಆಗಿರಲಿ.

ಸ್ಪಾರ್ಕ್ ಪ್ಲಗ್‌ಗೆ ತಂತಿ ಸುರುಳಿಗಿಂತ ಟೈಮ್-ಸರ್ಟ್‌ನಂಥ ಗಟ್ಟಿ ಬುಷ್ (ಕೊಳವೆಯಾಕಾರದ) ಇನ್ಸರ್ಟ್ ಒಳ್ಳೆಯದು. ಪದೇಪದೇ ಬಿಚ್ಚುವಾಗ ಸುರುಳಿ ಪ್ಲಗ್ ಜತೆಯಲ್ಲೇ ಎದ್ದು ಬರಬಹುದು. ಸಿಲಿಂಡರ್ ಹೆಡ್ ಬಿಚ್ಚಿ ಮೇಜಿನ ಮೇಲಿಟ್ಟು ಮಾಡಿ, ಚೂರು ಸಿಲಿಂಡರಿಗೆ ಬಿದ್ದರೆ ಗೋಡೆಗಳಲ್ಲಿ ಗೀರು ಬೀಳುತ್ತದೆ. ಬ್ರೇಕ್ ಕ್ಯಾಲಿಪರ್, ಆಕ್ಸಲ್, ಹ್ಯಾಂಡಲ್ ಕ್ಲ್ಯಾಂಪ್ ಇವುಗಳ ಥ್ರೆಡ್ಡನ್ನು ಕೈ ಡ್ರಿಲ್ಲಿನಲ್ಲಿ ಮುಟ್ಟಬೇಡಿ. ಮೆಷಿನ್ ಕೆಲಸದವರಿಗೆ ಕೊಡಿ ಅಥವಾ ಭಾಗವನ್ನೇ ಬದಲಿಸಿ.

ಬೋಲ್ಟ್ ಹಾಕುವಾಗ ಎಂಜಿನ್ ತಣ್ಣಗಿರಲಿ. ಮೊದಲು ಎಡಕ್ಕೆ ತಿರುಗಿಸಿ, ಸಣ್ಣಗೆ ಕುಸಿದ ಅನುಭವ ಆದ ಮೇಲೆ ಬಲಕ್ಕೆ ತಿರುಗಿಸಿ. ಮೂರ್ನಾಲ್ಕು ಸುತ್ತು ಬೆರಳಿನಲ್ಲೇ ಹೋಗಬೇಕು. ಟಾರ್ಕ್ ರೆಂಚ್‌ಗೆ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಯೇ ಆಧಾರ. ಅದು ಸಿಗದಿದ್ದರೆ ಅಲ್ಯೂಮಿನಿಯಂ ಕವರಿನ ಎಂ6ಕ್ಕೆ ಸುಮಾರು 10 ನ್ಯೂಟನ್ ಮೀಟರ್, ಎಂ8ಕ್ಕೆ 20ರ ಆಸುಪಾಸು. ಬೋಲ್ಟ್ ಕಚ್ಚಿಕೊಳ್ಳದಂತೆ ಹಚ್ಚುವ ಆ್ಯಂಟಿ-ಸೀಜ್ ಲೇಪ ಹಚ್ಚಿದ್ದರೆ ಇದಕ್ಕಿಂತ ಕಡಿಮೆ ಇರಲಿ, ಜಾರುವ ಥ್ರೆಡ್ಡಿನಲ್ಲಿ ಅದೇ ಅಂಕಿಗೆ ಬೋಲ್ಟ್ ಹೆಚ್ಚು ಎಳೆಯಲ್ಪಡುತ್ತದೆ.

ಇನ್ಸರ್ಟ್ ತಪ್ಪಾಗಿ ಕೂತಿದ್ದರೆ ಗಾಬರಿ ಬೇಡ. ಚೂಪಾದ ಅಂಚಿನ ತ್ರಿಕೋನ ಅರವನ್ನು ಮೇಲಿನ ಸುರುಳಿಗೆ ಕಚ್ಚಿಸಿ ಎಡಕ್ಕೆ ತಿರುಗಿಸಿದರೆ ತಂತಿ ಎದ್ದು ಬರುತ್ತದೆ. ಅದನ್ನು ಮತ್ತೆ ಬಳಸಬೇಡಿ. ರಂಧ್ರ ತೊಳೆದು ಹೊಸ ಇನ್ಸರ್ಟ್ ಹಾಕಿ.