ದುಬೈ ಕೆಲಸಕ್ಕೆ ಹೊರಟವರು ಮೊದಲು ಬೇಸಿಕ್ ಎಷ್ಟು ಅಂತ ಕೇಳಿ

ದುಬೈಯ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವುದು ನನ್ನ ಕೆಲಸ. ಊರು ಕುಂದಾಪುರದ ಹತ್ತಿರ. ಊರಿನ ಹುಡುಗರು ಫೋನ್ ಮಾಡಿ, "ಅಣ್ಣ, ಎರಡು ಸಾವಿರ ದಿರ್ಹಮ್ ಕೊಡ್ತಾರಂತೆ, ಬರಬಹುದಾ?" ಅಂತ ಕೇಳುತ್ತಾರೆ. ಬೇಸಿಕ್, ಅಂದರೆ ಮೂಲ ಸಂಬಳ, ಎಷ್ಟು ಅಂತ ನಾನು ತಿರುಗಿ ಕೇಳುತ್ತೇನೆ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಸಂಬಳದಲ್ಲಿ ಬೇಸಿಕ್ ಬೇರೆ, ರೂಮು, ಊಟ, ಓಡಾಟದ ಅಲೋವೆನ್ಸ್ ಬೇರೆ. ತಿಂಗಳಿಗೆ ಎಲ್ಲ ಒಟ್ಟಿಗೇ ಬರುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಆದರೆ ಓವರ್‌ಟೈಮ್, ಉಳಿದ ರಜೆಯ ದುಡ್ಡು, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಈ ಮೂರರ ಲೆಕ್ಕವೂ ಬೇಸಿಕ್ ಮೇಲೆ. ಗ್ರಾಚ್ಯುಟಿ ಸಿಗಬೇಕಾದರೆ ಒಂದು ವರ್ಷವಾದರೂ ಆಗಿರಬೇಕು. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಇಬ್ಬರಿಗೂ ಒಟ್ಟು 2000 ದಿರ್ಹಮ್ ಅಂದುಕೊಳ್ಳಿ. ಒಬ್ಬನ ಬೇಸಿಕ್ 800, ಇನ್ನೊಬ್ಬನದು 1400. ಐದು ವರ್ಷ ದುಡಿದು ಹೊರಟಾಗ ಮೊದಲನೆಯವನಿಗೆ 2800, ಎರಡನೆಯವನಿಗೆ 4900. ಇಬ್ಬರದೂ ಅದೇ ಬಿಸಿಲು, ಅದೇ ಕೆಲಸ. ಇಂಥ ಲೆಕ್ಕ ಮುಗಿಸುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಊರಲ್ಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಕೇಳಬೇಕಾದ ಹೊತ್ತು ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು. ಈ ಲೆಟರ್ ಅಲ್ಲಿನ ಕಾರ್ಮಿಕ ಇಲಾಖೆಯ ನಮೂನೆಯಲ್ಲೇ ಇರಬೇಕು. ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳಿನಲ್ಲೂ ಸಿಗುತ್ತದೆ. ಕನ್ನಡದಲ್ಲಿ ಇಲ್ಲ. ಹಾಗಾಗಿ ಓದಲು ಬರುವ ಭಾಷೆಯ ಪ್ರತಿ ಕೇಳಿ. ಬರದಿದ್ದರೆ ಓದಲು ಬರುವ ಒಬ್ಬರನ್ನು ಕೂರಿಸಿಕೊಂಡು ಓದಿಸಿ. ಆಫರ್ ಲೆಟರ್‌ನ ಷರತ್ತಿಗೂ ಆಮೇಲಿನ ಕಾಂಟ್ರಾಕ್ಟಿಗೂ ತಾಳೆಯಾಗಬೇಕು. ಫೋಟೊ ತೆಗೆದು ಮನೆಯವರಿಗೂ ಕಳಿಸಿಡಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ಕೆಲಸಕ್ಕೆ ಹೊರಡುವ ಮೊದಲು ಸರ್ಕಾರದ ಅನುಮತಿ ಬೇಕಾದದ್ದು, ಆಗಿರುತ್ತದೆ. ಅವರು ಭಾರತ ಸರ್ಕಾರದ ಇಮೈಗ್ರೇಟ್ ವೆಬ್‌ಸೈಟ್ ಮೂಲಕ ಆ ಕ್ಲಿಯರೆನ್ಸ್ ತೆಗೆದುಕೊಂಡೇ ಹೊರಡಬೇಕು. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಕೇಳುವಂತಿಲ್ಲ. "ವಿಸಿಟ್ ವೀಸಾದಲ್ಲಿ ಬಾ, ಆಮೇಲೆ ಸರಿ ಮಾಡೋಣ" ಅಂದರೆ ದಯವಿಟ್ಟು ಒಪ್ಪಬೇಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದೇ ಅಪರಾಧ. ಸಂಬಳ ಬರದಿದ್ದರೆ ದೂರು ಕೊಡಲು ಕೈಯಲ್ಲಿ ಕಾಗದವೂ ಇರುವುದಿಲ್ಲ.

ಬಂದ ಮೇಲೆ ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ. ಕಂಪನಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ವೀಸಾ ಖರ್ಚನ್ನು ಸಂಬಳದಲ್ಲಿ ಹಿಡಿಯುವಂತೆಯೂ ಇಲ್ಲ. ದಿನಕ್ಕೆ 8 ಗಂಟೆ ಕೆಲಸ. ಅದಕ್ಕಿಂತ ಜಾಸ್ತಿ ದುಡಿದರೆ ಆ ಗಂಟೆಗೆ ಬೇಸಿಕ್ ಮೇಲೆ ಇನ್ನೂ ಶೇ. 25 ಸೇರಿಸಿ ಕೊಡಬೇಕು. ರಾತ್ರಿ 10ರಿಂದ ಬೆಳಗಿನ 4ರವರೆಗೆ ಆದರೆ ಶೇ. 50. ಓವರ್‌ಟೈಮ್ ಗಂಟೆಗಳನ್ನು ಒಂದು ಪುಸ್ತಕದಲ್ಲಿ ದಿನವೂ ಬರೆದಿಡಿ. ಲೆಕ್ಕ ತಪ್ಪಿದೆ ಅಂತ ನನ್ನ ಮೇಜಿಗೆ ಬರುವವರಲ್ಲಿ ಪುಸ್ತಕ ತಂದವರ ಕೆಲಸ ಬೇಗ ಆಗುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಇದು ಸಾಹೇಬರು ತೋರಿಸುವ ದಯೆಯಲ್ಲ, ಕಾನೂನು.

ಮನೆಗೆಲಸಕ್ಕೆ ಬರುವವರಿಗೆ ಬೇರೆ ಕಾನೂನಿದೆ. ಮೇಲಿನ ಲೆಕ್ಕ ಅವರಿಗೆ ಹೊಂದುವುದಿಲ್ಲ.

ಸಂಬಳ ನಿಂತರೆ ತಿಂಗಳುಗಟ್ಟಲೆ ಸುಮ್ನೆ ಕಾಯಬೇಡಿ. ಕಾರ್ಮಿಕ ಇಲಾಖೆಯ 80084ಕ್ಕೆ ಫೋನ್ ಮಾಡಬಹುದು. ಭಾರತೀಯರಿಗೆ ಸಲಹೆ ಕೊಡಲು ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವೂ ಇದೆ, ನಂಬರ್ 80046342.

ಕೆಲಸ ಬಿಟ್ಟು ಹೊರಡುವಾಗ, ಕಾಂಟ್ರಾಕ್ಟ್ ಮುಗಿದ 14 ದಿನದೊಳಗೆ ಬಾಕಿ ಎಲ್ಲ ಸಿಗಬೇಕು. ಆ ಹೊತ್ತಿಗೆ ಊರಿಗೆ ಹೋಗುವ ಅವಸರ, ಕೈಯಲ್ಲಿ ಟಿಕೆಟ್. "ಎಲ್ಲ ಬಾಕಿ ಸಿಕ್ಕಿದೆ" ಅನ್ನುವ ಕಾಗದ ಮುಂದಿಟ್ಟರೆ ಮೊದಲು ಬ್ಯಾಂಕ್ ಖಾತೆ ನೋಡಿ. ದುಡ್ಡು ಬಿದ್ದ ಮೇಲೆ ಸಹಿ ಹಾಕಿ.